ಅಸಮಾನತೆಯವರಿಗೆ ಅರ್ಪಿಸಿದ ಬಿನ್ನವತ್ತಳೆ

ಸನ್ಮಾನ್ಯರೇ,

ಶಾಲು, ಹಾರ, ಫಲತಾಂಬೂಲ, ಮೈಸೂರು ಪೇಟಗಳೊಡನೆ ಈ ಬಿನ್ನವತ್ತಳೆಯನ್ನು ತಮ್ಮ ಅಡಿದಾವರೆಗಳಿಗೆ ಒಪ್ಪಿಸುವ ಭಾಗ್ಯ ಇಂದು ನಮ್ಮದು. ಗುಟ್ಕಾದಿಂದ ಹಿಡಿದು ಒಲೆಯ ಹೊಗೆಯವರೆಗೆ ತಮ್ಮ ಸೇವೆ ಹಬ್ಬಿದೆ. ಎಲ್ಲವನ್ನೂ ಹೊಗಳುತ್ತ ಕೂತರೆ ಸಭಿಕರಿಗೆ ಊಟ ತಪ್ಪೀತು. ಆದಕಾರಣ ಗರ್ಭಕಂಠದ ಕ್ಯಾನ್ಸರ್ ಒಂದನ್ನೇ ಎತ್ತಿಕೊಳ್ಳುತ್ತೇವೆ.

ತಮ್ಮ ತಾಳ್ಮೆಗೆ ಮೊದಲ ನಮನ. ಎಚ್‌ಪಿವಿ ವೈರಸ್ಸು ಒಳಹೊಕ್ಕು ಕ್ಯಾನ್ಸರ್ ಆಗಿ ಬಲಿಯಲು ಸಾಮಾನ್ಯವಾಗಿ 15-20 ವರ್ಷ ಬೇಕು. ಅಷ್ಟು ವರ್ಷಗಳಲ್ಲಿ ಯಾರಾದರೂ ಒಂದೆರಡು ಬಾರಿ ಇಣುಕಿ ನೋಡಿದರೂ ಕೆಲಸ ಕೆಟ್ಟಂತೆಯೇ. ನೋಡಲು ಬೇಕಾದದ್ದಾದರೂ ಏನು? ವಿನೆಗರ್‌ನಂಥ ತೆಳು ಅಸಿಟಿಕ್ ಆಮ್ಲ, ಹತ್ತಿ, ಒಳ್ಳೆಯ ಬೆಳಕು. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು 1,50,000 ಮಹಿಳೆಯರ ಅಧ್ಯಯನ ನಡೆಸಿ, ಡಾಕ್ಟರೂ ಅಲ್ಲದ ನರ್ಸೂ ಅಲ್ಲದ ಸ್ಥಳೀಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಇಷ್ಟೇ ಸಾಮಗ್ರಿಯಿಂದ ಈ ಕಾಯಿಲೆಯ ಸಾವು ಶೇ. 31ರಷ್ಟು ಇಳಿಯುತ್ತದೆಂದು 2013ರಲ್ಲಿ ಸಾರಿದಾಗ ತಮ್ಮ ಗತಿಯೇನೆಂದು ನಾವು ನಡುಗಿದೆವು. ತಾವು ನಡುಗಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ಜೀವಮಾನದಲ್ಲಿ ಒಮ್ಮೆಯಾದರೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಆದವರು ಶೇ. 1.9. ಉಳಿದ 98 ಚಿಲ್ಲರೆ ತಮ್ಮದೇ ಕೃಪೆ.

ತಮ್ಮ ಪಾತ್ರಾಪಾತ್ರ ವಿವೇಚನೆಯೂ ಅಸಾಧಾರಣ. 2008ರಲ್ಲೇ ಈ ದೇಶಕ್ಕೆ ಬಂದ ಎಚ್‌ಪಿವಿ ಲಸಿಕೆಯನ್ನು ವರ್ಷಗಟ್ಟಲೆ ಬಹುಪಾಲು ದುಡ್ಡುಳ್ಳ ಮನೆಯ ಹುಡುಗಿಯರ ತೋಳಿಗೇ ತಲುಪಿಸಿದಿರಿ. ಜಯನಗರದ ಅಮ್ಮನವರಿಗೆ ಹುಟ್ಟುಹಬ್ಬಕ್ಕೆ ಹೆಲ್ತ್ ಚೆಕಪ್ ಪ್ಯಾಕೇಜು, ಪ್ಯಾಪ್ ಪರೀಕ್ಷೆ, ಕೊನೆಗೆ ಇಡ್ಲಿಯ ಕೂಪನ್ನು. ಮಾನ್ವಿ ಕಡೆಯ ಕೂಲಿ ಹೆಣ್ಣುಮಗಳಿಗೆ ಬಿಳಿಸೆರಗು, ಆಮೇಲೆ ರಕ್ತ, ಆಮೇಲೆ ಸೊಂಟನೋವು; ಒಂದೊಂದಕ್ಕೂ ಮೆಡಿಕಲ್ ಶಾಪಿನ ಒಂದೊಂದು ಗುಳಿಗೆ. ಕಟ್ಟಕಡೆಗೆ ರಾತ್ರಿಯಿಡೀ ರೈಲಿನಲ್ಲಿ ಕೂತು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬಂದವಳನ್ನು "ಇಷ್ಟ್ ದಿನ ಏನಮ್ಮಾ ಮಾಡ್ತಿದ್ದೆ?" ಎಂದು ಕೇಳಿದರೆ, "ಹತ್ತಿ ಬಿಡಿಸೂದಿತ್ರೀ" ಎಂದು ತಲೆ ತಗ್ಗಿಸುತ್ತಾಳೆ. ತಪ್ಪು ತನ್ನದೇ ಎಂಬ ವಿನಯವನ್ನು ಅವಳಿಗೆ ಕಲಿಸಿದ ಗುರುಗಳು ತಾವಲ್ಲದೆ ಇನ್ನಾರು?

ಅವಳಿಗೆ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡುವುದಕ್ಕೆ ಆಯುಷ್ಮಾನ್ ಕಾರ್ಡು ಇದೆ, ನಿಜ. ಇಲ್ಲಿಯೇ ತಮ್ಮ ಜಾಣ್ಮೆ ಶಿಖರ ಮುಟ್ಟುತ್ತದೆ. ವಾರಕ್ಕೆ ಐದು ದಿನದಂತೆ ಐದಾರು ವಾರ ಊರು ಬಿಟ್ಟು ಕೂರಬೇಕಾದವಳ ಊಟ, ಕೋಣೆ ಬಾಡಿಗೆ, ಜೊತೆಗೆ ಬಂದ ಗಂಡನ ಮುರಿದ ಕೂಲಿ, ಊರಲ್ಲಿ ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದ ಮಕ್ಕಳು, ಇವೆಲ್ಲ ಆ ಕಾರ್ಡಿನ ಹೊರಗುಳಿದಿವೆ. ಆ ಹೊರಗೆ ನಿಂತುಕೊಂಡೇ, ಯಾರ ಮೇಲೂ ಕೈಮಾಡದೆ, ಯಾವ ಕಾನೂನನ್ನೂ ಮುರಿಯದೆ, ಯಂತ್ರವೂ ಇದ್ದು ವೈದ್ಯರೂ ಇದ್ದು ಔಷಧವೂ ಇದ್ದ ಹಾಗೆಯೇ, ಅರ್ಧ ಕರೆಂಟಿಗೇ ಅವಳಿಂದ ಗಂಟುಮೂಟೆ ಕಟ್ಟಿಸುವ ತಮ್ಮ ಕೈಚಳಕಕ್ಕೆ ಸಮನಾದದ್ದು ವೈದ್ಯಲೋಕದಲ್ಲಿಲ್ಲ.

ಇಷ್ಟಾಗಿಯೂ ಮರಣ ಪ್ರಮಾಣಪತ್ರದಲ್ಲಿ ತಮ್ಮ ಹೆಸರಿಗೊಂದು ಕಾಲಂ ಇಲ್ಲ. ಕೀರ್ತಿಯೆಲ್ಲ ಗರ್ಭಕಂಠಕ್ಕೇ ಸಲ್ಲುತ್ತಿದೆ. ಈ ಅನ್ಯಾಯವನ್ನು ಸರಿಪಡಿಸಲೆಂದೇ ಬಿನ್ನವತ್ತಳೆಗೆ ಗಾಜಿನ ಚೌಕಟ್ಟು ಹಾಕಿಸಿದ್ದೇವೆ. ಸ್ವೀಕರಿಸಬೇಕು.

ಇಂತಿ ತಮ್ಮ ಆಶ್ರಿತರು,
ಸಕಾಲಕ್ಕೆ ತಪಾಸಣೆ ಮಾಡಿಸಿಕೊಂಡವರು