ಕೋರಂ ಕೂಡಿದ ಮಹಾಜನರಿಗೆ

ಇವರಿಗೆ,
ಸಮಸ್ತ ಬ್ಯಾಕ್ಟೀರಿಯಾ ಮಹಾಜನರು,
ನೆಲದಡಿಯ ಸಂಪು, ನಮ್ಮ ಅಪಾರ್ಟ್‌ಮೆಂಟು,
ಬ್ಯಾಟರಾಯನಪುರ, ಬೆಂಗಳೂರು (ಮೈಸೂರು ರಸ್ತೆಯದ್ದಲ್ಲ, ಬಳ್ಳಾರಿ ರಸ್ತೆಯದ್ದು).

ವಿಷಯ: ತಮಗೆ ಅನುಕೂಲವಾಗುವಂತೆ ಪಾಸಾದ ಠರಾವಿನ ಕುರಿತು.

ಮಾನ್ಯರೇ,

ಹೋದ ಭಾನುವಾರ ನಮ್ಮ ನಿವಾಸಿಗಳ ಸಂಘದ ಸಭೆ ಸೇರಿತು. ಎಂದಿನಂತೆ ಕೋರಂ ಇರಲಿಲ್ಲ. ಅರ್ಧ ಗಂಟೆ ಕಾದು, ಬಂದ ಒಂಬತ್ತು ಜನರನ್ನೇ ಕೋರಂ ಎಂದು ಭಾವಿಸಿ, ಮೀಟರ್ ಬೋರ್ಡಿನ ಪಕ್ಕದ ಗೋಡೆಬಿರುಕಿನಲ್ಲಿದ್ದ ಮಿಸ್ರಿ ಜೇನನ್ನು ತೆರವು ಮಾಡಲು ತೀರ್ಮಾನಿಸಿದೆವು. ಮಕ್ಕಳಿಗೆ ಕುಟುಕೀತು ಎಂಬುದು ಕಾರಣ. ಮಿಸ್ರಿಗೆ ಕುಟುಕಲು ಬಾರದು ಎಂದು ನಾನು ಹೇಳಿದ್ದು ನಡಾವಳಿ ಪುಸ್ತಕಕ್ಕೆ ಏರಲಿಲ್ಲ. ಸೋಮವಾರ ಸಂಜೆಗೆ ಬಿರುಕಿಗೆ ಸಿಮೆಂಟು ಬಿತ್ತು. ನಮ್ಮೂರ ಹೆಸರಿನಲ್ಲಿರುವ ಬ್ಯಾಟೆ ಅಂದರೆ ಬೇಟೆ. ಬೇಟೆಯ ದೇವರ ಹೆಸರಿನ ಊರಲ್ಲಿ ನಮಗೆ ಸಿಕ್ಕ ಬೇಟೆ ಅಕ್ಕಿಕಾಳಿಗಿಂತ ಚಿಕ್ಕ ಹುಳ.

ಕೋರಂ ವಿಷಯದಲ್ಲಿ ತಾವು ನಮಗಿಂತ ಶಿಸ್ತಿನವರು. ನಿಮ್ಮಲ್ಲಿ ಹಲವು ಕುಲದವರು ಏಸೈಲ್ ಹೋಮೊಸೆರಿನ್ ಲ್ಯಾಕ್ಟೋನ್‌ನಂಥ ಪುಟ್ಟ ಅಣುಗಳನ್ನು ಹೊರಬಿಟ್ಟು ಹಾಜರಿ ಹಾಕುತ್ತೀರಿ. ನಾಲ್ಕು ಜನ ಇದ್ದರೆ ಅದು ನೀರಲ್ಲಿ ಕರಗಿ ಹೋಗುತ್ತದೆ. ಸಂದಣಿ ಹೆಚ್ಚಿ ಅಣುಗಳು ಒಂದು ಮಟ್ಟ ದಾಟಿದರೆ ಎಲ್ಲರೂ ಒಟ್ಟಿಗೆ ಕೆಲಸಕ್ಕೆ ಇಳಿಯುತ್ತೀರಿ. ಸಮುದ್ರದಲ್ಲಿ ಮಿನುಗುವ ನಿಮ್ಮ ನೆಂಟರು ಮಂದಿ ಸೇರಿದ ಮೇಲೆಯೇ ದೀಪ ಹಚ್ಚುವುದನ್ನು ನೀಲ್ಸನ್ ಮತ್ತು ಹೇಸ್ಟಿಂಗ್ಸ್ ತಂಡ 1970ರಲ್ಲಿ ತೋರಿಸಿತು. 1994ರಲ್ಲಿ ಅದಕ್ಕೆ ‘ಕೋರಂ ಸೆನ್ಸಿಂಗ್’ ಎಂಬ ಹೆಸರೂ ಬಂತು. ನಿಮ್ಮ ಇನ್ನೊಬ್ಬ ಬಂಧು ಸ್ಯೂಡೊಮೊನಾಸ್ ಏರುಜಿನೋಸಾ ಇದೇ ಲೆಕ್ಕ ಹಿಡಿದು ವಿಷ ಉಗುಳುತ್ತದೆ, ಲೋಳೆಯ ಕೋಟೆ ಕಟ್ಟುತ್ತದೆ.

ಈ ಸಭೆಗಳಿಗೆ ಅಡ್ಡಿ ಮಾಡುವವರು ಜೇನುಹುಳಗಳು. ಅವು ಗಿಡಮರಗಳ ಅಂಟಿಗೆ ಮೇಣ ಬೆರೆಸಿ ಗೂಡಿನ ಸಂದುಗಳಿಗೆ ಮೆತ್ತುವ ವಸ್ತುವೇ ಪ್ರೊಪೋಲಿಸ್, ಜೇನಂಟು ಎನ್ನೋಣ. ಗ್ರೀಕಿನಲ್ಲಿ ‘ಪ್ರೊ’ ಅಂದರೆ ಮುಂದೆ, ‘ಪೊಲಿಸ್’ ಅಂದರೆ ಊರು. ಜೇನಂಟಿನಲ್ಲಿ ಸುಮಾರು ಅರ್ಧ ಪಾಲು ಅಂಟು, ಮೂರರಲ್ಲೊಂದು ಪಾಲು ಮೇಣ, ಉಳಿದದ್ದು ಸುಗಂಧ ತೈಲ, ಪರಾಗ. ಅದರ ಸಾರ ಹಾಕಿದರೆ ನಿಮ್ಮ ಲ್ಯಾಕ್ಟೋನ್ ಸಂಕೇತ ಕುಗ್ಗುತ್ತದೆ ಎಂದು ಅಮೆರಿಕದ ಸಂಶೋಧಕರು 2011ರಲ್ಲಿ ವರದಿ ಮಾಡಿದರು. ಇಂಥ ಪರೀಕ್ಷೆಗೆ ನೇರಳೆ ಬಣ್ಣದ ಕ್ರೊಮೋಬ್ಯಾಕ್ಟೀರಿಯಂ ಒಳ್ಳೆಯ ಸಾಕ್ಷಿ: ಸಂಕೇತ ಕೆಟ್ಟರೆ ಬಣ್ಣ ಹೋಗುತ್ತದೆ, ಪ್ರಾಣ ಹೋಗುವುದಿಲ್ಲ. ಸಭಿಕರು ಕೂತಲ್ಲೇ ಇದ್ದಾರೆ, ಮಾತು ಮಾತ್ರ ಕೇಳಿಸುತ್ತಿಲ್ಲ. ನಮ್ಮ ಸಂಘದಲ್ಲಿ ಈ ಕೆಲಸವನ್ನು ಮೈಕ್ ಸೆಟ್ಟು ಮಾಡುತ್ತದೆ.

ನಾವಾದರೋ ನೆಗಡಿಗೂ ಚೀಟಿಯಿಲ್ಲದೆ ಆಂಟಿಬಯೋಟಿಕ್ ತಂದು, ಅರ್ಧ ಸ್ಟ್ರಿಪ್ ನುಂಗಿ, ನಿಮ್ಮಲ್ಲಿನ ಗಟ್ಟಿಗರನ್ನೇ ಆರಿಸಿ ಉಳಿಸಿಕೊಡುತ್ತೇವೆ. ಕೊಲ್ಲದೆ ಬಾಯಿ ಮುಚ್ಚಿಸಿದರೆ ಈ ಆಯ್ಕೆ ಅಷ್ಟು ಬಿರುಸಾಗಿ ನಡೆಯದೇನೋ ಎಂಬುದು ವಿಜ್ಞಾನಿಗಳ ಆಸೆ. ಗಾಬರಿಯಾಗಬೇಡಿ, ಅದಿನ್ನೂ ಪ್ರಯೋಗಾಲಯದ ತಟ್ಟೆಯಲ್ಲಿದೆ, ವೈದ್ಯರ ಚೀಟಿಗೆ ಬಂದಿಲ್ಲ.

ತಾವು ನಿಜಕ್ಕೂ ಸಂತೋಷಪಡಬೇಕಾದ ಸಂಗತಿ ಬೇರೆ ಇದೆ. ಜೇನಂಟಿಗೆ ಒಂದೇ ಪಾಕವಿಲ್ಲ. ಯೂರೋಪಿನದು ಹೆಚ್ಚಾಗಿ ಪಾಪ್ಲರ್ ಮೊಗ್ಗಿನ ಅಂಟು, ಬ್ರೆಜಿಲಿನ ಹಸಿರು ಜೇನಂಟು ಬಕಾರಿಸ್ ಪೊದೆಯದ್ದು. ಮರ ಬದಲಾದರೆ ರಸಾಯನವೂ ಬದಲು. ನಮ್ಮ ತುಡುವೆ ಜೇನಿಗೆ ಈ ಅಂಟಿನ ಗೀಳಿಲ್ಲ. ಕೋಲುಜೇನು ಇರುವೆ ತಡೆಯಲು ಕೊಂಬೆಗೆ ಒಂದು ಪಟ್ಟಿ ಬಳಿದು ಸುಮ್ಮನಾಗುತ್ತದೆ. ಮಿಸ್ರಿಯದ್ದು ಮಾತ್ರ ಇಡೀ ಮನೆಯೇ ಅಂಟು, ಮೇಣ. ಬಾಗಿಲ ಕೊಳವೆಯೂ ಅದೇ. ಹಾಗಾಗಿ ಆ ಬಿರುಕಿನಲ್ಲಿದ್ದದ್ದು ಬ್ಯಾಟರಾಯನಪುರದ ಮರಗಳು ಬರೆಸಿದ ಪಾಕ. ಇದೇ ಬಳ್ಳಾರಿ ರಸ್ತೆಯಲ್ಲಿ ಸ್ವಲ್ಪ ಮೇಲೆ ಹೋದರೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ. ಅಲ್ಲಿ ಜೇನಿನ ವಿಷಯ ಓದಿದವರೇ ಇದ್ದಾರೆ. ಒಬ್ಬರನ್ನು ಕರೆದಿದ್ದರೆ ಗೂಡನ್ನು ಪೆಟ್ಟಿಗೆಗೆ ಎತ್ತಿಸಬಹುದಿತ್ತು. ನಮಗೆ ಸಿಮೆಂಟು ಹತ್ತಿರವಾಯಿತು.

ಮುಂದಿನ ಸಭೆಯ ವಿಷಯ: ಸಂಪು ತೊಳೆಸುವುದು. ಇದಕ್ಕೆ ದುಡ್ಡು ಬೇಕಾದ್ದರಿಂದ ಕೋರಂ ಕಡ್ಡಾಯವಂತೆ; ಈಗಾಗಲೇ ಮೂರು ಸಲ ಮುಂದೂಡಿದ್ದೇವೆ. ತಾವು ನಿಶ್ಚಿಂತೆಯಿಂದ ಸಭೆ ಮುಂದುವರಿಸಿ.

ಇತಿ ತಮ್ಮ ವಿಶ್ವಾಸಿ,
ಒಂಬತ್ತರಲ್ಲಿ ಒಬ್ಬ