ಟೆಸ್ಟ್ ನಂಬರ್ ಏಳು

ಮಾರಿಕುಪ್ಪಂ ಕಡೆಯಿಂದ ಬರುವ ಬೆಳಗಿನ ರೈಲು ಮಾಲೂರು ಬಿಟ್ಟು ದೇವನಗೊಂದಿ ಮುಟ್ಟುವಷ್ಟರಲ್ಲಿ ಬೋಗಿಯ ಅರ್ಧ ಜನ ತೂಕಡಿಸುತ್ತಿರುತ್ತಾರೆ, ಉಳಿದರ್ಧ ಆಫೀಸಿನ ದೂರು ಹೇಳಿಕೊಳ್ಳುತ್ತಿರುತ್ತಾರೆ. ವೈಟ್‌ಫೀಲ್ಡ್‌ನಲ್ಲಿ ಇಳಿಯುವ ಈ ಎರಡನೆಯ ಪಂಗಡ ನನ್ನದು. ಸಂಬಳದ ದೂರು, ಮ್ಯಾನೇಜರನ ದೂರು ಯಾರಿಗಾದರೂ ಅರ್ಥವಾಗುತ್ತವೆ. ಅರ್ಥವಾಗದ ಇನ್ನೊಂದಿದೆ: ನಮಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವನು ಟೆಸ್ಟುಗಳಿಗೆ ಇಟ್ಟುಹೋದ ಹೆಸರುಗಳ ದೂರು.

ಯೂನಿಟ್ ಟೆಸ್ಟ್ ಅಂದರೆ ಬ್ರಹ್ಮವಿದ್ಯೆಯೇನಲ್ಲ. ಪ್ರೋಗ್ರಾಮಿನ ಒಂದು ಸಣ್ಣ ತುಂಡನ್ನು ಹಿಡಿದು ‘ಇಷ್ಟು ಕೊಟ್ಟರೆ ಅಷ್ಟು ಕೊಡ್ತೀಯಾ?’ ಎಂದು ಇನ್ನೊಂದು ಪುಟ್ಟ ಪ್ರೋಗ್ರಾಮಿನಿಂದ ಕೇಳಿಸುವುದು. ಕೊಟ್ಟರೆ ಹಸಿರು, ಕೊಡದಿದ್ದರೆ ಕೆಂಪು. ಹಸಿರಾಗಿರುವಷ್ಟು ಕಾಲ ಅದರ ಹೆಸರನ್ನು ಯಾರೂ ಓದುವುದಿಲ್ಲ. ಕೆಂಪಾದಾಗ ಓದುತ್ತಾರೆ, ಅದೂ ರಾತ್ರಿ ಹೊತ್ತು, ಊಟ ಆರಿಹೋಗುತ್ತಿರುವಾಗ.

ಕೋಲಾರದ ಟೊಮೆಟೊ ಮಂಡಿಯೊಂದಕ್ಕೆ ನಮ್ಮ ಪರಿಚಯದ ಹುಡುಗರು ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದರು. 2023ರ ಜುಲೈನಲ್ಲಿ 15 ಕೆ.ಜಿ.ಯ ಬಾಕ್ಸು ಎರಡು ಸಾವಿರ ದಾಟಿತಲ್ಲ, ಆಗ ಸಾಫ್ಟ್‌ವೇರು ಬಿಲ್ ಮಾಡುವುದಿಲ್ಲ ಎಂದು ಹಟ ಹಿಡಿಯಿತು. ಮಂಡಿ ಯಜಮಾನರು ಫೋನಿನಲ್ಲಿ, “ಏನ್ ಸ್ವಾಮಿ, ರೈತನಿಗೆ ನಾಕು ಕಾಸು ಬಂದ್ರೆ ನಿಮ್ ಕಂಪ್ಯೂಟರಿಗೆ ಹೊಟ್ಟೆ ಉರಿಯುತ್ತಾ?” ಎಂದರು. ಹುಡುಗರು ಸಾವಿರ ರೂಪಾಯಿಯ ಮಿತಿಯೊಂದನ್ನು ಹುಡುಕಿ ಕಿತ್ತುಹಾಕಿದರು. ಕೂಡಲೇ ‘ಟೆಸ್ಟ್ 7’ ಕೆಂಪಾಯಿತು.

ಟೆಸ್ಟ್ 7 ಏನನ್ನು ಕಾಯುತ್ತಿತ್ತು? ಅದರ ಅಕ್ಕಪಕ್ಕದಲ್ಲಿದ್ದವರು ಟೆಸ್ಟ್ ನ್ಯೂ, ಟೆಸ್ಟ್ ಫೈನಲ್, ಟೆಸ್ಟ್ ಫೈನಲ್ ಒರಿಜಿನಲ್. ಇವರಲ್ಲಿ ಸಾಕ್ಷಿ ಹೇಳುವಂಥವರು ಒಬ್ಬರೂ ಇಲ್ಲ. ಎಪಿಎಂಸಿ ನಿಯಮವಿರಬಹುದು ಎಂದ ಒಬ್ಬ, ತೆರಿಗೆಯದ್ದಿರಬಹುದು ಎಂದ ಇನ್ನೊಬ್ಬ, ಅಳಿಸಿ ಮಲಗೋಣ ಎಂದ ಮೂರನೆಯವನು. ಬರೆದವನು ಕೆಲಸ ಬಿಟ್ಟು ಹೈದರಾಬಾದ್ ಸೇರಿದ್ದ. ಕಡೆಗೆ ಫೋನಿಗೆ ಸಿಕ್ಕಿ ಅವನು ಹೇಳಿದ್ದಿಷ್ಟೆ: ಹಿಂದೊಮ್ಮೆ ಗುಮಾಸ್ತರು 120ಕ್ಕೆ ಸೊನ್ನೆ ಹೆಚ್ಚಿಗೆ ಒತ್ತಿ 1,200 ಮಾಡಿದ್ದರಂತೆ, ಅದಕ್ಕೇ ಆ ಬೇಲಿ. ‘ಬೆಲೆ_ಸಾವಿರ_ದಾಟಿದರೆ_ಸೊನ್ನೆ_ಹೆಚ್ಚಾಗಿದೆ’ ಎಂದು ಹೆಸರಿಟ್ಟಿದ್ದರೆ ಎಲ್ಲರೂ ಬಿಸಿ ಅನ್ನ ಉಣ್ಣಬಹುದಿತ್ತು.

ಹೆಸರಿಡುವ ಶಾಸ್ತ್ರಕ್ಕೆ ಇತಿಹಾಸವಿದೆ. 1997ರಲ್ಲಿ ಕೆಂಟ್ ಬೆಕ್, ಎರಿಕ್ ಗಾಮಾ ಎಂಬಿಬ್ಬರು ಅಮೆರಿಕಕ್ಕೆ ಹೊರಟ ವಿಮಾನದಲ್ಲಿ ಕುಳಿತು ಜಾವಾ ಭಾಷೆಯ ಟೆಸ್ಟುಗಳಿಗೆಂದು ಜೆಯೂನಿಟ್ ಎಂಬ ಉಪಕರಣ ಶುರು ಮಾಡಿದರು. (ನಮ್ಮ ರೈಲಿನಲ್ಲಿ ಲ್ಯಾಪ್‌ಟಾಪ್ ತೆಗೆಯುವುದಿರಲಿ, ಮೊಣಕೈ ತೆಗೆಯಲೂ ಜಾಗವಿಲ್ಲ.) ಆಗ ಪ್ರತಿ ಟೆಸ್ಟಿನ ಹೆಸರೂ ‘ಟೆಸ್ಟ್’ ಎಂದೇ ಶುರುವಾಗಬೇಕಿತ್ತು. 2006ರ ನಾಲ್ಕನೆಯ ಆವೃತ್ತಿ ಆ ಕಟ್ಟಳೆ ಸಡಿಲಿಸಿತು. ಅದರ ಹಿಂದಿನ ವರ್ಷ ರಾಯ್ ಓಶೆರೋವ್ ಎಂಬವರು ಹೆಸರಿಗೆ ಮೂರು ಭಾಗ ಇರಲಿ ಎಂದಿದ್ದರು: ಪರೀಕ್ಷಿಸುವುದು ಯಾವುದನ್ನು, ಯಾವ ಸ್ಥಿತಿಯಲ್ಲಿ, ಏನಾಗಬೇಕು. ಇದನ್ನು ಹೊಸದೆಂದು ತರಬೇತಿಯಲ್ಲಿ ಹೇಳಿಕೊಟ್ಟಾಗ ನನಗೆ ಮುಳಬಾಗಿಲಿನ ಡಿ.ವಿ.ಜಿ. ನೆನಪಾದರು. ದೇವನಹಳ್ಳಿ, ವೆಂಕಟರಮಣಯ್ಯ, ಗುಂಡಪ್ಪ: ವಂಶದ ಊರು, ತಂದೆ, ತಾನು. ಮೂರೇ ಪದದಲ್ಲಿ ವಿಳಾಸ ಸಿಕ್ಕಿತು. ಅವರನ್ನು ‘ಗುಂಡಪ್ಪ 7’ ಎಂದು ಯಾರಾದರೂ ಕರೆದಿದ್ದರೆ ಏನು ಗತಿ?

ಎಲ್ಲಿಡಬೇಕು ಎನ್ನುವ ಜಗಳ ಬೇರೆಯೇ. ಜಾವಾದ ಮೇವನ್ ಪದ್ಧತಿಯಲ್ಲಿ ಕೋಡಿಗೊಂದು ಫೋಲ್ಡರು, ಟೆಸ್ಟಿಗೊಂದು ಫೋಲ್ಡರು, ಎರಡರ ಒಳದಾರಿಯೂ ಒಂದೇ ಥರ. ಗೋ ಭಾಷೆಯಲ್ಲಿ ಕೋಡಿನ ಪಕ್ಕದಲ್ಲೇ ಟೆಸ್ಟಿನ ವಾಸ. ಎರಡೂ ಸರಿ. ತಪ್ಪು ಯಾವುದೆಂದರೆ ‘ಇತರೆ’ ಎಂಬ ಫೈಲು. ಮೇಲಿನ ಸಾಫ್ಟ್‌ವೇರು ಮುಂದೆ ಶ್ರೀನಿವಾಸಪುರದ ಮಾವಿನ ಮಂಡಿಗೂ ಹೋಯಿತು. ತಿರುಳಿನ ಕಾರ್ಖಾನೆಗೆ ಟನ್ನುಗಟ್ಟಲೆ ಹೋಗುವ ತೋತಾಪುರಿ ಲೆಕ್ಕ, ಎಣಿಸಿ ಜೋಡಿಸುವ ಬಾದಾಮಿ ಲೆಕ್ಕ, ಟೊಮೆಟೊ ಬಾಕ್ಸಿನ ಲೆಕ್ಕ, ಎಲ್ಲದರ ಟೆಸ್ಟೂ ‘ಇತರೆ’ಯಲ್ಲೇ. ಒಂದು ಕೆಂಪಾದರೆ ಯಾವ ಹಣ್ಣಿನದೆಂದು ಹುಡುಕಲು ಎಲ್ಲವನ್ನೂ ಮೇಲಿಂದ ಕೆಳಗೆ ಓದಬೇಕು.

ನನ್ನ ಸಲಹೆ, ಹೆಸರನ್ನು ಕನ್ನಡದಲ್ಲೇ ಇಡಿ ಎಂಬುದು. ನಗಬೇಡಿ, ನಡೆಯುತ್ತದೆ. 2008ರಲ್ಲಿ ಬಂದ ಪೈಥಾನ್ 3 ಕನ್ನಡ ಅಕ್ಷರದ ಹೆಸರುಗಳನ್ನು ಒಪ್ಪುತ್ತದೆ. ಅದರ ಟೆಸ್ಟುಗಳನ್ನು ಓಡಿಸುವ ಪೈಟೆಸ್ಟ್‌ಗೆ ಮುಂದುಗಡೆ ‘ಟೆಸ್ಟ್’ ಅಂತ ಇಂಗ್ಲಿಷಿನಲ್ಲಿದ್ದರೆ ಸಾಕು, ಆಮೇಲೆ ‘ಖಾಲಿ_ಬಾಕ್ಸಿಗೆ_ದುಡ್ಡಿಲ್ಲ’ ಎಂದರೂ ತಕರಾರಿಲ್ಲ. ಜಾವಾಕ್ಕೂ ಇಲ್ಲ. ಕುಕುಂಬರ್ ಎಂಬ ಉಪಕರಣವಂತೂ ಹಿನ್ನೆಲೆ, ನಂತರ, ಮತ್ತು, ಆದರೆ ಎಂಬ ಕನ್ನಡ ಪದಗಳನ್ನೇ ಆದೇಶವಾಗಿ ಓದಿಕೊಳ್ಳುತ್ತದೆ.

ಇಲ್ಲಿ ಹೆಸರಿಸಿದ ಭಾಷೆಗಳಲ್ಲಿ ಕೈಕೊಡುವುದು ಗೋ ಒಂದೇ. 2009ರಲ್ಲಿ ಗೂಗಲ್ ಹೊರತಂದ ಈ ಭಾಷೆ ಹೆಸರುಗಳಲ್ಲಿ ಬಿಡಿ ಅಕ್ಷರ ಒಪ್ಪುತ್ತದೆ, ಅದಕ್ಕೆ ಹತ್ತುವ ಕೊಂಬು, ಇಳಿ, ದೀರ್ಘ, ಒತ್ತು ಒಪ್ಪುವುದಿಲ್ಲ. ದೇವನಾಗರಿಗೆ ಇದರಿಂದ ತೊಂದರೆ ಎಂದು ಅದರ ತಯಾರಕರೇ ಬರೆದುಕೊಂಡಿದ್ದಾರೆ. ಕನ್ನಡದ ಕಷ್ಟವೂ ಅದೇ. ಬಸವ, ಕಮಲ, ಅಗಸ ಪಾಸು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ಫೇಲು. ಅಂದರೆ ಗೋ ಇನ್ನೂ ಒಂದನೇ ಕ್ಲಾಸಿನಲ್ಲಿ ಕಾಗುಣಿತಕ್ಕಿಂತ ಹಿಂದಿನ ಪಾಠದಲ್ಲೇ ಕೂತಿದೆ. ಗೂಗಲ್‌ನಲ್ಲಿ ಕೆಲಸ ಮಾಡುವ ನಮ್ಮ ಜಿಲ್ಲೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಅದನ್ನು ಎರಡನೇ ಕ್ಲಾಸಿಗೆ ಹಾಕಿಸಿ.