ಪಿಕಪ್ ಭಾವ

ಟೆಕ್ಸಾಸ್‌ನ ಪ್ರತಿಯೊಂದು ಕನ್ನಡ ಕೂಟದಲ್ಲೂ ಒಬ್ಬ ಪಿಕಪ್ ಭಾವ ಇದ್ದೇ ಇರುತ್ತಾನೆ. ನಮ್ಮವನು ಇರುವುದು ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ. ವಾರವಿಡೀ ಡೇಟಾಬೇಸ್ ಕಾಯುವ ಸಾಧು ಪ್ರಾಣಿ. ಶನಿವಾರ ಬೆಳಗಾಯಿತೆಂದರೆ ತಲೆಗೆ ಕ್ಯಾಪು, ಕಾಲಿಗೆ ಬೂಟು, ಬಾಯಿಗೆ ಪೌಂಡು, ಪಿಎಸ್ಐ. ಮನೆಗೆ ಹೋದವರಿಗೆ ಕಾಫಿ ಸಿಗುವುದು ಟ್ರಕ್ಕಿನ ದರ್ಶನ ಮುಗಿದ ಮೇಲೆಯೇ.

ದರ್ಶನಕ್ಕೂ ಒಂದು ಕ್ರಮವಿದೆ. ಮೊದಲು ಹಿಂದಿನ ತೊಟ್ಟಿಯ ನಡುಮಧ್ಯದ ತೂತು. ಭಾವ ಮೊಣಕಾಲೂರಿ ಅದರೊಳಗಿಂದ 2 5/16 ಇಂಚಿನ ಉಕ್ಕಿನ ಗುಂಡನ್ನು ಎತ್ತಿ, ಅಂಗಿಯ ತುದಿಯಿಂದ ಒರೆಸಿ, ತಲೆಕೆಳಗು ಮಾಡಿ ಮತ್ತೆ ಅಲ್ಲೇ ಕೂರಿಸುತ್ತಾನೆ. “ಬೇಡ ಅಂದ್ರೆ ಒಳಗೆ, ಬೇಕು ಅಂದ್ರೆ ಮೇಲೆ. ಇದಪ್ಪಾ ಗೂಸ್‌ನೆಕ್ ಹಿಚ್! ಬಂಪರಿಗೆ ಟ್ರೇಲರ್ ಕಟ್ಟೋದೆಲ್ಲ ಮಕ್ಕಳಾಟ.” ಇಷ್ಟರ ಮಟ್ಟಿಗೆ ಅವನ ಮಾತು ಸರಿಯೇ. ಭಾರ ನೇರ ಹಿಂದಿನ ಆಕ್ಸೆಲ್‌ನ ಮೇಲೆ ಬೀಳುವುದರಿಂದ ಟ್ರೇಲರ್ ಅಷ್ಟು ಸುಲಭಕ್ಕೆ ಬಾಲ ಅಲ್ಲಾಡಿಸುವುದಿಲ್ಲ. 10,000 ಪೌಂಡಿನ ಟ್ರೇಲರ್ ಆದರೆ ಸುಮಾರು 2,000 ಪೌಂಡು ಆ ಗುಂಡಿನ ತಲೆಗೇ. ದನ ಸಾಗಿಸುವವರು, ಹುಲ್ಲು ಹೇರುವವರು ಬೇರೆ ಹಿಚ್ಚಿನತ್ತ ತಿರುಗಿಯೂ ನೋಡುವುದಿಲ್ಲ. ಭಾವನ ಮನೆಯಲ್ಲಿ ದನವಿಲ್ಲ, ಹುಲ್ಲಿಲ್ಲ. ಟ್ರೇಲರೂ ಇಲ್ಲ.

ಆದರೂ, ಭಾರ ಬಿದ್ದಾಗ ಟ್ರಕ್ಕಿನ ಹಿಂಭಾಗ ಕುಸಿದರೆ ಏನು ಗತಿ ಎಂದು ಇಲ್ಲದ ಭಾರದ ಚಿಂತೆ ಹತ್ತಿತು. ಹಿಂದಿನ ಸಸ್ಪೆನ್ಷನ್ನಿಗೆಂದು ಎರಡು ರಬ್ಬರ್ ಏರ್‌ಬ್ಯಾಗ್ ತರಿಸಿದ. ಪಜೀತಿ ಶುರುವಾದದ್ದು ಅಲ್ಲಿ. ಹಿಚ್ಚಿನ ಅಡ್ಡಪಟ್ಟಿಗೆ ಬೇಕಾದದ್ದೂ ಆಕ್ಸೆಲ್ ಮೇಲಿನ ಚಾಸಿಯ ಆ ಗೇಣು ಜಾಗವೇ, ಏರ್‌ಬ್ಯಾಗಿನ ಬ್ರಾಕೆಟ್ಟಿಗೆ ಬೇಕಾದದ್ದೂ ಅದೇ. ಥ್ಯಾಂಕ್ಸ್‌ಗಿವಿಂಗ್ ರಜೆಯೆಲ್ಲ ಭಾವ ಟ್ರಕ್ಕಿನಡಿ ಮಲಗಿ ದಾಯಾದಿ ಜಗಳ ಬಿಡಿಸಿದ. ಅಕ್ಕ ಊಟದ ತಟ್ಟೆಯನ್ನು ನೆಲದ ಮೇಲೆ ಒಳಕ್ಕೆ ತಳ್ಳುತ್ತಿದ್ದಳು. ಕೊನೆಗೆ ಬೇರೆ ಬ್ರಾಕೆಟ್ ಬಂತು. ದುಡ್ಡು ಎಷ್ಟಾಯಿತೆಂದು ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ.

ಅಂದಿನಿಂದ ಗಾಳಿಯದೇ ಧ್ಯಾನ. ಖಾಲಿ ಇದ್ದಾಗ 5 ಪಿಎಸ್ಐ, ಹೆಚ್ಚೆಂದರೆ 100. ಇಂಡಿಯನ್ ಸ್ಟೋರಿಗೆ ಹೊರಟರೂ ಗೇಜು ಹಿಡಿಯುತ್ತಾನೆ. “ರೀ, ಎರಡು ಚೀಲ ಸೋನಾಮಸೂರಿಗೆ ಎಷ್ಟು ಗಾಳಿ ಬೇಕು?” ಎಂದು ಅಕ್ಕ ಕೇಳಿದರೆ, ಪುಣ್ಯಾತ್ಮ ನಿಜವಾಗಿಯೂ ಲೆಕ್ಕ ಹಾಕತೊಡಗುತ್ತಾನೆ.

“ಈಗ ಇನ್ನೊಂದು ಟನ್ ಜಾಸ್ತಿ ಹೇರಬಹುದು ಕಣಯ್ಯಾ” ಎಂದ ಒಮ್ಮೆ. ಡ್ರೈವರ್ ಬಾಗಿಲು ತೆಗೆದು ಅಲ್ಲಿನ ಸ್ಟಿಕ್ಕರ್ ತೋರಿಸಿದೆ. ಎಷ್ಟು ಹೊರಬಹುದೆಂದು ಕಂಪನಿ ಅಲ್ಲೇ ಅಚ್ಚು ಹಾಕಿಸಿರುತ್ತದೆ. ಗಾಳಿ ತುಂಬಿದರೆ ಆ ಅಂಕಿ ಬೆಳೆಯುವುದಿಲ್ಲ. ಹಮಾಲಿಯ ಸೊಂಟಕ್ಕೆ ಪಟ್ಟಿ ಬಿಗಿದರೆ ಅವನು ನೆಟ್ಟಗೆ ನಿಂತಾನೇ ಹೊರತು ಮೂಳೆ ಗಟ್ಟಿಯಾಗದು. “ಅದು ಬಿಡು, ಲಾಯರುಗಳು ಬರೆಸಿದ್ದು” ಎಂದು ಭಾವ ಬಾಗಿಲು ಹಾಕಿದ.

ಕಳೆದ ರಾಜ್ಯೋತ್ಸವಕ್ಕೆ ಭಾರ ಬಂದೇಬಿಟ್ಟಿತು. ವೇದಿಕೆಯ ಹಲಗೆ, ಕಮಾನು, ಕುರ್ಚಿ ಎಲ್ಲವನ್ನೂ ದನ ಸಾಕುವ ಮುದುಕನೊಬ್ಬನ ಟ್ರೇಲರಿಗೆ ಹೇರಿ, ಏರ್‌ಬ್ಯಾಗಿಗೆ ಕಂಠಪೂರ್ತಿ ಗಾಳಿ ಹೊಡೆದು, ಭಾವ ಸಭಾಂಗಣಕ್ಕೆ ತಂದ ಠೀವಿಯೇ ಠೀವಿ. ಟ್ರಕ್ಕು ಎಳ್ಳಷ್ಟೂ ಬಾಗಿರಲಿಲ್ಲ. ತೊಂದರೆಯಾದದ್ದು ಬಿಚ್ಚುವಾಗ. ಕೊಂಡಿಯ ಲಾಕ್ ತೆಗೆದು ಜಾಕ್ ತಿರುಗಿಸಿದರೆ ಟ್ರೇಲರಿನ ಮೂತಿ ಮೇಲೆದ್ದಿತು. ಜೊತೆಗೆ ಟ್ರಕ್ಕಿನ ಹಿಂಭಾಗವೂ. ಇನ್ನೆರಡು ಸುತ್ತು ತಿರುಗಿಸಿದ, ಇನ್ನಷ್ಟು ಎದ್ದಿತು. ಗುಂಡು ಮಾತ್ರ ಕೊಂಡಿ ಬಿಡಲೊಲ್ಲದು. ಜುಬ್ಬಾ ತೊಟ್ಟ ಹುಡುಗರು ಚಪ್ಪಾಳೆ ತಟ್ಟಿದರು. ಜಾಕ್ ತುದಿ ಮುಟ್ಟಿತು, ಭಾವನ ಹಣೆ ಒದ್ದೆಯಾಯಿತು.

ಟ್ರೇಲರಿನ ಯಜಮಾನ ಅಷ್ಟು ಹೊತ್ತು ಕೋಸಂಬರಿ ತಿನ್ನುತ್ತಾ ನಿಂತಿದ್ದ. ತಟ್ಟೆಯನ್ನು ಯಾರದೋ ಕೈಗಿತ್ತು ಬಂದು, ನಂಬರ್ ಪ್ಲೇಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಏರ್‌ಬ್ಯಾಗಿನ ವಾಲ್ವಿನೊಳಗಿನ ಪಿನ್ನನ್ನು ಬೀಗದ ಕೈಯಿಂದ ಒತ್ತಿದ. ಬುಸ್ಸೆಂದು ಗಾಳಿ ಹೋಯಿತು, ಟ್ರಕ್ಕು ಕೂತಿತು, ಗುಂಡು ಕಳಚಿತು. ಮುದುಕ ಮತ್ತೆ ಕೋಸಂಬರಿಗೆ ಹೋದ.

“ನಾನೂ ಅದನ್ನೇ ಮಾಡೋನಿದ್ದೆ, ತಾತ ಅವಸರ ಮಾಡಿದ” ಎಂದ ಭಾವ.

ಸೋಮವಾರವೇ ರಿಮೋಟ್ ಇರುವ ಕಂಪ್ರೆಸರ್ ಆರ್ಡರ್ ಆಯಿತು. ಈಗ ಅಂಗಳದಲ್ಲಿ ನಿಂತು ಬಟನ್ ಒತ್ತಿದರೆ ಸಾಕು, ಟ್ರಕ್ಕು ಏಳುತ್ತದೆ, ಕೂರುತ್ತದೆ. ಸ್ವಂತ ಟ್ರೇಲರ್ ಯಾವಾಗ ಭಾವ ಎಂದರೆ, ಮೊದಲು ಗುಂಡು ಕಾಣುವ ಹಾಗೆ ತೊಟ್ಟಿಗೊಂದು ಕ್ಯಾಮೆರಾ ಹಾಕಿಸಬೇಕಂತೆ.